ಅತ್ತೆಯನ್ನು ಕೂರಿಸಿ ಇಳಿಸಿದ್ದು

ನಮ್ಮ ಮನೆಯ ಮೆಟ್ಟಿಲಿನಿಂದಲೇ ಶುರು ಮಾಡುತ್ತೇನೆ. ನಾಗರಬಾವಿಯಲ್ಲಿ ಅಪ್ಪ ಕಟ್ಟಿಸಿದ್ದು ಒಂದೇ ಅಂತಸ್ತಿನ ಮನೆ. ಅಪ್ಪ ಹೋದ ಮೇಲೆ ಅಣ್ಣ ಅದರ ಮೇಲೆ ಇನ್ನೆರಡು ಅಂತಸ್ತು ಏರಿಸಿದ. ಕಾನೂನು ಓದುವ ಹುಡುಗರು ರೂಮು ಹುಡುಕಿಕೊಂಡು ಅಲೆಯುವ ಬಡಾವಣೆ ಇದು. ಇಲ್ಲಿ ಬಾಡಿಗೆ ಬಾರದ ಜಾಗ ಒಂದು ಗೇಣು ಕಂಡರೂ ಅಣ್ಣನಿಗೆ ಹೊಟ್ಟೆ ಉರಿಯುತ್ತದೆ. ಹಾಗಾಗಿ ಮೆಟ್ಟಿಲಿಗೆಂದು ನಕ್ಷೆಯಲ್ಲಿದ್ದ ಜಾಗವನ್ನು ಕೊರೆದು ಒಂದೊಂದು ಮಹಡಿಗೆ ಒಂದೊಂದು ಸಿಂಗಲ್ ರೂಮು ತೆಗೆದ. ಉಳಿದದ್ದರಲ್ಲಿ ಮೆಟ್ಟಿಲು ಹೇಗೋ ನುಸುಳಿಕೊಂಡು ಮೇಲೆ ಬರುತ್ತದೆ. ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಬೇಕೆಂದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ತಿರುವುಗಳಲ್ಲಿ ಬಾಡಿಗೆ ಹುಡುಗರ ಶೂಗಳು. ಫ್ರಿಡ್ಜ್ ತಂದ ದಿನ ಅದು ಮೊದಲನೇ ತಿರುವಿನಲ್ಲೇ ಸಿಕ್ಕಿಹಾಕಿಕೊಂಡಿತು; ಕೊನೆಗೆ ಹಗ್ಗ ಕಟ್ಟಿ ಬಾಲ್ಕನಿಯಿಂದ ಎಳೆದುಕೊಂಡೆವು. ಫ್ರಿಡ್ಜ್ ಹತ್ತಲಾಗದ ಕಡೆ ಮಲಗಿದ ಮನುಷ್ಯರನ್ನೂ ಇಳಿಸಲಾಗದು ಎಂಬ ಸರಳ ಲೆಕ್ಕ ಆಗಲೂ ಅಣ್ಣನಿಗೆ ಹೊಳೆಯಲಿಲ್ಲ. ಬಡಾವಣೆಯ ಸಂಘದಲ್ಲಿ ಅವನನ್ನು ಎಲ್ಲರೂ ಬುದ್ಧಿವಂತ ಎನ್ನುತ್ತಾರೆ.

ಗಾಳಿ ಬೆಳಕಿಗೆಂದು ನಾವಿದ್ದದ್ದು ಮೇಲಿನ ಮಹಡಿಯಲ್ಲಿ. ಅಣ್ಣ, ಅತ್ತಿಗೆ, ನಾನು, ಅತ್ತೆ. ಅತ್ತೆ ಎಂದರೆ ಅಪ್ಪನ ಅಕ್ಕ. ಅವಳ ಊರು ಮಾಗಡಿ ರಸ್ತೆಯ ಆಚೆ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದಳು, ಅದೇ ಹೊತ್ತಿಗೆ ನಮ್ಮ ಅಮ್ಮನೂ ಹೋಗಿದ್ದರಿಂದ ನಮ್ಮಿಬ್ಬರನ್ನು ಸಾಕಿದಳು. ನನಗೆ ಅಮ್ಮನ ಮುಖ ನೆನಪಿಲ್ಲ. ನೆನಪಿದೆ ಎಂದುಕೊಂಡಿದ್ದೆ, ಆಮೇಲೆ ಅದು ಗೋಡೆಯ ಮೇಲಿನ ಫೋಟೋ ಎಂದು ತಿಳಿಯಿತು. ಅತ್ತೆಯ ಮುಖ ಮಾತ್ರ ಫೋಟೋದಿಂದ ಬಂದದ್ದಲ್ಲ. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಕುಹಕ. ಅಣ್ಣನನ್ನು ಅವಳು ಕರೆಯುವುದು 'ಯಜಮಾನ್ರು' ಎಂದು. ಅದರಲ್ಲಿ ಗೌರವ ಇದೆ ಎಂದು ನಂಬಿದವನು ಅಣ್ಣ ಒಬ್ಬನೇ.

ಕೊನೆಯ ಕೆಲವು ವರ್ಷಗಳಲ್ಲಿ ಅವಳ ಹೃದಯ ಸೋತಿತ್ತು. ಪಾದಗಳು ಊದುತ್ತಿದ್ದವು. ಮಲಗಿದರೆ ಶ್ವಾಸಕೋಶಕ್ಕೆ ನೀರು ಏರುತ್ತದೆ ಎಂದು ಡಾಕ್ಟರು ಹೇಳಿದ್ದರು. ಮೂರು ದಿಂಬು ಒತ್ತಿಕೊಂಡು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅವಳು ಕೂತು ನಿದ್ದೆ ಮಾಡುವುದು ಅತ್ತಿಗೆಗೆ ಸರಿಬರುತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕೊಡಲು ಹೋಗಿ ಬೆಚ್ಚಿ ಬಿದ್ದೆ ಎಂದು ನನ್ನ ಹತ್ತಿರ ಪಿಸುಗುಟ್ಟುತ್ತಿದ್ದಳು.

ಬೆಚ್ಚುವುದಕ್ಕೆ ಕಾರಣವಿತ್ತು. ನಮ್ಮದು ಲಿಂಗ ಕಟ್ಟುವ ಮನೆತನ. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎದೆಗೂ ಗಲ್ಲಕ್ಕೂ ಬಟ್ಟೆಯ ಪಟ್ಟಿ ಬಿಗಿದು, ಕೂತ ಹಾಗೆಯೇ ಹೊತ್ತುಕೊಂಡು ಹೋಗಿ, ಕೂತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಬೇರೆಯವರ ಮನೆಗೆ ಸ್ಟ್ರೆಚರ್ ಬಂದರೆ ಹೆಂಗಸರ ಎದೆ ಧಸಕ್ಕೆನ್ನುತ್ತದೆ. ನಮ್ಮ ಮನೆಗೆ ಅದು ಬರೀ ಒಂದು ಮಂಚ. ನಮ್ಮವರು ಹೆದರುವುದು ಕುರ್ಚಿಗೆ, ಅದರಲ್ಲೂ ಪಟ್ಟಿ ಇರುವ ಕುರ್ಚಿಗೆ.

ಆ ಕುರ್ಚಿಯನ್ನು ನಾವು ಮೊದಲು ಕಂಡದ್ದು ಪಾರ್ಕಿನಲ್ಲಿ. ಬಡಾವಣೆಯ ಸಂಘದವರು ಒಂದು ಭಾನುವಾರ ಪ್ರಥಮ ಚಿಕಿತ್ಸೆಯ ಕಾರ್ಯಕ್ರಮ ಇಟ್ಟಿದ್ದರು. ಅಣ್ಣನದೇ ಅಧ್ಯಕ್ಷತೆ. ಪ್ರಾರ್ಥನೆ, ಸ್ವಾಗತ, ಶಾಲು, ಹಾರ ಎಲ್ಲ ಮುಗಿಯುವ ಹೊತ್ತಿಗೆ, ತೋರಿಸಲೆಂದು ಬಂದಿದ್ದ ಆಂಬುಲೆನ್ಸಿನವರಿಗೆ ಉಳಿದದ್ದು ಉಪ್ಪಿಟ್ಟು ಬರುವವರೆಗಿನ ಹೊತ್ತು ಮಾತ್ರ. ಅಷ್ಟರಲ್ಲೇ ಅವರು ಕತ್ತಿಗೆ ಹಾಕುವ ಪಟ್ಟಿ, ಬೆನ್ನುಮೂಳೆ ಮುರಿದವರನ್ನು ಕಟ್ಟುವ ಹಲಗೆ, ಬಾಯಿಯ ಕಫ ಎಳೆಯುವ ಯಂತ್ರ, ಬಲೂನಿನಂಥ ಒಂದು ಚೀಲ ಒತ್ತಿ ಉಸಿರು ಕೊಡುವುದು, ಎಲ್ಲ ತೋರಿಸಿದರು. ಎಂಥ ಕೆಲಸ ಮಾಡುವವರಿಗೆ ಎಂಥ ಹೆಸರು ಎಂಬುದನ್ನೂ ವಿವರಿಸಿದರು. ಗಾಡಿಯಲ್ಲಿ ಬರುವ ಇಎಂಟಿ ರೋಗಿಯ ಸ್ಥಿತಿ ನೋಡಿ, ಆಕ್ಸಿಜನ್ ಕೊಟ್ಟು, ರಕ್ತ ನಿಲ್ಲಿಸಿ, ಫೋನಿನಲ್ಲಿ ಡಾಕ್ಟರ ಮಾತು ಕೇಳಿಕೊಂಡು ಆಸ್ಪತ್ರೆ ಮುಟ್ಟಿಸುವವರು. ಪ್ಯಾರಾಮೆಡಿಕ್ ಎಂದರೆ ಇನ್ನೂ ಹೆಚ್ಚು ಕಲಿತವರು, ಗಂಟಲಿಗೆ ಕೊಳವೆ ಇಳಿಸಬಲ್ಲವರು, ಹೃದಯಕ್ಕೆ ಶಾಕ್ ಕೊಟ್ಟು ಔಷಧಿ ಏರಿಸಬಲ್ಲವರು. ಡ್ರೈವರ್ ಬರೀ ಡ್ರೈವರ್ ಅಲ್ಲ, ಎತ್ತುವುದು ಹೊರುವುದು ಅವನಿಗೂ ಕಲಿಸಿರುತ್ತಾರೆ. ಯಾರೂ ಕೇಳಿಸಿಕೊಳ್ಳಲಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ನಿವೃತ್ತ ಇಂಜಿನಿಯರ್ ಒಬ್ಬರು ಅಷ್ಟು ಹೊತ್ತೂ ಆಂಬುಲೆನ್ಸಿನ ಟೈರು ಸವೆದಿದೆ ಎಂದು ಗೊಣಗುತ್ತಿದ್ದರು.

ಕೊನೆಗೆ ಮೆಟ್ಟಿಲು ಇಳಿಸುವ ಮಡಿಸುವ ಕುರ್ಚಿ ಬಂತು. ಯಾರಾದರೂ ಒಬ್ಬರು ಕೂರಬೇಕು ಎಂದಾಗ, ಕ್ಯಾಮೆರಾ ಇರುವ ಕಡೆ ಹಿಂದೆ ಸರಿಯುವ ಅಭ್ಯಾಸವಿಲ್ಲದ ಅಣ್ಣ ಶಾಲು ಹೊದ್ದುಕೊಂಡೇ ಕೂತ. ಹಾರವೂ ಕತ್ತಿನಲ್ಲಿತ್ತು. ಎದೆಗೆ ಬೆಲ್ಟು, ತೊಡೆಗೆ ಬೆಲ್ಟು. ಇಬ್ಬರು ಅವನನ್ನು ಹೊತ್ತು ಪಾರ್ಕಿನ ಸಿಮೆಂಟಿನ ಮೆಟ್ಟಿಲಿನಿಂದ ಕೆಳಗಿಳಿಸಿದರು. ಆಗ ಹಿಂದಿನಿಂದ ಯಾರೋ ಅಂದರು:

"ಏನಣ್ಣಾ, ನಮಗೊಂದು ಮಾತು ಹೇಳ್ದೆ ಹೊರಟೇ ಬಿಟ್ರಾ?"

ಪಾರ್ಕೆಲ್ಲ ನಕ್ಕಿತು. ಅಣ್ಣನೂ ನಕ್ಕ. ಮನೆಗೆ ಬಂದವನೇ ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ. ಅತ್ತಿಗೆ ಆ ಹಾರವನ್ನು ಮನೆಯೊಳಗೆ ತರಲು ಬಿಡಲಿಲ್ಲ. ಅತ್ತೆ ತನ್ನ ಕೋಣೆಯಿಂದಲೇ, ಯಜಮಾನ್ರು ಯಾರ ಸೂತಕ ಕಳೀತಿದಾರೆ ಎಂದು ಕೇಳಿದಳು. 'ಹೊರಟೇ ಬಿಟ್ರಾ' ಎಂಬ ಆ ಕುಹಕದ ಮಾತನ್ನು ನಾನು ಪಾರ್ಕಿನಲ್ಲಿ ನಿಜವಾಗಿ ಕೇಳಿದೆನೋ, ಆಮೇಲೆ ಅತ್ತೆ ಅದನ್ನೇ ಹತ್ತು ಸಲ ಅಣಕಿಸಿದ್ದರಿಂದ ಕೇಳಿದಂತೆ ಆಗಿದೆಯೋ, ಗೊತ್ತಿಲ್ಲ. ಅಣ್ಣನ ಒದ್ದೆ ತಲೆಯನ್ನಂತೂ ನೋಡಿದ್ದೇನೆ.

ಇದಾಗಿ ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ, ಅತ್ತಿಗೆ ಇಡ್ಲಿ ತೆಗೆಯುತ್ತಿದ್ದಾಗ, ಅತ್ತೆ ಲೋಟದಿಂದ ಮಂಚ ಬಡಿದಳು. ಅವಳು ಯಾವತ್ತೂ ಹಾಗೆ ಕರೆಯುವವಳಲ್ಲ. ಒಳಗೆ ಹೋದರೆ, ಎರಡು ಕೈಯನ್ನೂ ಹಾಸಿಗೆಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದಾಳೆ. ತುಟಿ ನೀಲಿ. ಎದೆಯೊಳಗೆ ಸಾರು ಕುದಿಯುವ ಸದ್ದು. ಒಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ.

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಣ್ಣನೂ ಫೋನ್ ಮಾಡಿದ: ಸಂಘದ ಕಾರ್ಯದರ್ಶಿಗೆ, ತನ್ನ ಭಾವಮೈದುನನಿಗೆ, ಯಾರೋ ಒಬ್ಬ ಆಸ್ಪತ್ರೆಯಲ್ಲಿ 'ಪರಿಚಯ ಇರುವ' ಮನುಷ್ಯನಿಗೆ. ಬೆಂಗಳೂರಿನ ಗಂಡಸರಿಗೆ ಪರಿಚಯ ಇರುವವರೊಬ್ಬರು ಸಿಗುವವರೆಗೆ ಯಾವ ಕಾಯಿಲೆಯೂ ಕಾಯಿಲೆಯಲ್ಲ. ಆಂಬುಲೆನ್ಸ್ ಬಂದದ್ದು ಬೇಗ. ಗೇಟಿನ ಮುಂದೆ ಅಣ್ಣನದೇ ಕಾರು ನಿಂತಿತ್ತು. ಅದರ ಕೀ ಹುಡುಕುವುದರಲ್ಲೇ ಒಂದಷ್ಟು ಹೊತ್ತು ಹೋಯಿತು.

ಮೇಲೆ ಬಂದವರು ಇಬ್ಬರು. ಇಎಂಟಿ ಒಬ್ಬಳು ಯುವತಿ, ಹೆಗ್ಗನಹಳ್ಳಿ ಕಡೆಯವಳು ಎಂದು ಆಮೇಲೆ ಗೊತ್ತಾಯಿತು. ಇನ್ನೊಬ್ಬ ಡ್ರೈವರ್, ನಡುವಯಸ್ಸಿನವನು. ಅವಳನ್ನು ದೇವತೆ ಮಾಡಿ ಬರೆಯುವ ಆಸೆ ನನಗಿಲ್ಲ. ಬಾಯಲ್ಲಿ ಏನೋ ಅಗಿಯುತ್ತಿದ್ದಳು. ಮುಖದಲ್ಲಿ ನಗುವಿರಲಿಲ್ಲ. ಚಿಕ್ಕ ಆಕ್ಸಿಜನ್ ಸಿಲಿಂಡರನ್ನು ಮೇಲೆ ತಂದಿದ್ದಳು, ಅದರ ವಾಲ್ವ್ ತಿರುಗಿಸುವ ಕೀಯನ್ನು ಗಾಡಿಯಲ್ಲೇ ಬಿಟ್ಟು ಬಂದಿದ್ದಳು. ಡ್ರೈವರ್ ಬೈದುಕೊಳ್ಳುತ್ತಾ ಆ ಮೆಟ್ಟಿಲನ್ನು ಮತ್ತೆ ಇಳಿದು ಹತ್ತಬೇಕಾಯಿತು. ಶೂ ಬಿಚ್ಚಿ ಒಳಗೆ ಬಾ ಎಂದು ಅತ್ತಿಗೆ ಹೇಳುತ್ತಿದ್ದರೂ ಅವಳು ದೇವರ ಕೋಣೆಯ ಮುಂದೆಯೇ ಶೂ ಹಾಕಿಕೊಂಡು ನಡೆದು ಹೋದಳು. ಅತ್ತೆ ಉಸಿರಿಗೆ ಒದ್ದಾಡುತ್ತಿದ್ದಾಗಲೂ ಅತ್ತಿಗೆಯ ಕಣ್ಣು ನೆಲದ ಮೇಲಿನ ಶೂ ಗುರುತಿನ ಮೇಲೇ ಇತ್ತು.

ಬೆರಳಿಗೆ ಕ್ಲಿಪ್ಪು, ತೋಳಿಗೆ ಬಿಪಿ ಪಟ್ಟಿ, ಬೆನ್ನಿಗೆ ಸ್ಟೆತಸ್ಕೋಪು, ಮುಖಕ್ಕೆ ಮಾಸ್ಕು. ಎಲ್ಲ ಚಕಚಕನೆ ನಡೆಯಿತು. ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡಿಸಿದಳು. ಅಣ್ಣ ಬಾಗಿಲಲ್ಲಿ ನಿಂತು, ಡಾಕ್ಟರ್ ಯಾಕೆ ಬಂದಿಲ್ಲ ಎಂದು ಕೇಳಿದ. ನೋಡಮ್ಮಾ ನರ್ಸಮ್ಮಾ ಎಂದು ಶುರು ಮಾಡಿದ.

"ನರ್ಸ್ ಅಲ್ಲ ಸಾರ್, ಇಎಂಟಿ," ಎಂದಳು ಅವಳು, ತಿರುಗಿ ಕೂಡ ನೋಡದೆ. ಪಾರ್ಕಿನ ಕಾರ್ಯಕ್ರಮದಲ್ಲಿ ಅಧ್ಯಕ್ಷತೆ ವಹಿಸಿದವನಿಗೆ ಆ ಶಬ್ದ ಹೊಸದಾಗಿ ಕೇಳಿಸಿತು. ಅವಳು ಫೋನಿನಲ್ಲಿ ತಮ್ಮ ಡಾಕ್ಟರೊಬ್ಬರಿಗೆ ಅಂಕಿಗಳನ್ನು ಓದಿ ಹೇಳಿದಳು, ಅಲ್ಲಿಂದ ಬಂದ ಮಾತು ಕೇಳಿದಳು. ಆಮೇಲೆ ನಮಗೆ ಹೇಳಿದ್ದು ಇಷ್ಟು: ಶ್ವಾಸಕೋಶದಲ್ಲಿ ನೀರು ತುಂಬಿದೆ, ಅಜ್ಜಿ ಒಂದು ಹೆಜ್ಜೆಯೂ ನಡೆಯಬಾರದು, ಮಲಗಲೂ ಬಾರದು. ಕೂತೇ ಇಳಿಯಬೇಕು, ಈಗಲೇ.

ಡ್ರೈವರ್ ಕುರ್ಚಿ ತಂದು ಬಿಚ್ಚಿದ. ಕಿತ್ತಳೆ ಬಣ್ಣದ ಸೀಟು, ಎದೆಗೂ ತೊಡೆಗೂ ಕಪ್ಪು ಬೆಲ್ಟು, ಹಿಂದೆ ಮುಂದೆ ಹಿಡಿಕೆ. ತಲೆ ವಾಲದಂತೆ ಇರಲಿ ಎಂದು ಇಎಂಟಿ ಒಂದು ಅಗಲವಾದ ಬಟ್ಟೆಯ ಪಟ್ಟಿಯನ್ನೂ ತೆಗೆದಳು.

ಆ ಪಟ್ಟಿ ಕಂಡದ್ದೇ ಅತ್ತಿಗೆ ಅಳಲು ಶುರು ಮಾಡಿದಳು. ಸುಮ್ಮನೆ ಅಳು ಅಲ್ಲ. ಸಾವಿನ ಮನೆಯಲ್ಲಿ ಹೆಸರು ಹಿಡಿದು, ಗುಣ ಹೇಳಿ ಅಳುತ್ತಾರಲ್ಲ, ಆ ಅಳು. ಬದುಕಿರುವ ಅತ್ತೆಯ ಗುಣಗಳನ್ನು ಅವಳು ಅಷ್ಟು ಹೊಗಳಿದ್ದು ಅದೇ ಮೊದಲು. ಅಣ್ಣ ಕುರ್ಚಿಗೂ ಮಂಚಕ್ಕೂ ನಡುವೆ ಬಂದು ನಿಂತ.

"ನಮ್ಮ ಮನೇಲಿ ಬದುಕಿರೋರನ್ನ ಹಿಂಗೆ ಕಟ್ಟಿ ಕೂರ್ಸಿ ಇಳ್ಸಲ್ಲ," ಎಂದ. "ಸ್ಟ್ರೆಚರ್ ತನ್ನಿ."

ಸ್ಟ್ರೆಚರ್ ಮೊದಲನೇ ತಿರುವಿನಲ್ಲೇ ನಿಲ್ಲುತ್ತದೆ ಎಂದು ಡ್ರೈವರ್ ಹೇಳಿದ. ಹೇಳಿ, ಯಾರು ಸಾರ್ ಈ ಮೆಟ್ಟಿಲು ಕಟ್ಟಿಸಿದ್ದು ಎಂದು ಕೇಳಿದ. ಹಾಗಾದರೆ ಬೆಡ್‌ಶೀಟಿನಲ್ಲಿ ಮಲಗಿಸಿ ನಾಲ್ಕು ಜನ ಎತ್ತಲಿ, ಕೆಳಗಿನ ಹುಡುಗರನ್ನು ಕರೆಯುತ್ತೇನೆ ಎಂದ ಅಣ್ಣ. ಅದಾಗದಿದ್ದರೆ ನಿಧಾನವಾಗಿ ನಡೆಸಿಕೊಂಡು ಹೋಗೋಣ ಎಂದ.

"ಮಲಗ್ಸಿದ್ರೆ ನೀರಲ್ಲಿ ಮುಳುಗ್ಸಿದಂಗೆ ಸಾರ್. ನಡೆಸಿದ್ರೆ ಎರಡನೇ ತಿರುವು ದಾಟಲ್ಲ," ಎಂದಳು ಇಎಂಟಿ. ಸ್ವಲ್ಪವೂ ಮೆತ್ತಗೆ ಹೇಳಲಿಲ್ಲ. ಅತ್ತೆಗೆ ಕಿವಿ ಚೆನ್ನಾಗಿ ಕೇಳುತ್ತದೆ ಎಂಬುದು ಅವಳಿಗೆ ಮುಖ್ಯವಾಗಿ ಕಾಣಲಿಲ್ಲವೋ ಏನೋ. "ಕುರ್ಚಿ ಬೇಡ ಅಂದ್ರೆ ಬೇಡ ಅಂತ ಬರೆದು ಸೈನ್ ಹಾಕಿ. ನಾನ್ ಹೋಗ್ತೀನಿ."

ಸಹಿಯ ಮಾತು ಬಂದ ಕೂಡಲೇ ಅಣ್ಣ ಶಾಸ್ತ್ರದಿಂದ ಇತಿಹಾಸಕ್ಕೆ ಜಾರಿದ. ಅಪ್ಪನನ್ನು ಇದೇ ಮೆಟ್ಟಿಲಿನಲ್ಲಿ, ಹೀಗೆಯೇ ಕೂರಿಸಿ ಇಳಿಸಿದ್ದು. ಅದನ್ನು ಕಣ್ಣಾರೆ ನೋಡಿದವನು ತಾನು. ಮತ್ತೆ ಅತ್ತೆಯನ್ನು ಅದೇ ಥರ ಇಳಿಸಲು ತನ್ನ ಕೈಯಲ್ಲಾಗದು ಎಂದ. ಅಪ್ಪ ಹೋದಾಗ ಈ ಮೆಟ್ಟಿಲೇ ಇರಲಿಲ್ಲ ಎಂದೆ ನಾನು. ಇತ್ತು ಎಂದ. ಹೌದು, ಇತ್ತು, ತನಗೂ ಚೆನ್ನಾಗಿ ನೆನಪಿದೆ ಎಂದಳು ಅತ್ತಿಗೆ ಅಳುವಿನ ನಡುವೆ. ಅಪ್ಪ ಹೋದ ವರ್ಷ ಅವಳಿನ್ನೂ ನಮ್ಮ ಮನೆಗೆ ಮದುವೆಯಾಗಿ ಬಂದಿರಲೇ ಇಲ್ಲ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಪಠ್ಯಪುಸ್ತಕದ ಕರಡು ತಿದ್ದುವುದು ನನ್ನ ಕೆಲಸ. ಜನ ತಾವಿಲ್ಲದ ಕಡೆ ತಮ್ಮನ್ನು ನಿಲ್ಲಿಸಿಕೊಂಡು ನೆನಪು ಕಟ್ಟುವುದನ್ನು ಪುಸ್ತಕಗಳಲ್ಲಿ ಓದಿದ್ದೆ. ಅದು ನಡೆಯುವುದನ್ನು ಅಷ್ಟು ಹತ್ತಿರದಿಂದ, ಅಂಥ ಹೊತ್ತಲ್ಲದ ಹೊತ್ತಿನಲ್ಲಿ ನೋಡಿರಲಿಲ್ಲ. ನನ್ನ ನೆನಪಿನಲ್ಲಿ ಅಪ್ಪ ಅಂಗಳದ ಗೋಡೆಗೆ ಒರಗಿ ಕೂತಿದ್ದಾನೆ, ತಲೆ ಒಂದು ಕಡೆ ವಾಲಿದೆ, ಯಾರೋ ಪದೇ ಪದೇ ಅದನ್ನು ನೆಟ್ಟಗೆ ಮಾಡುತ್ತಿದ್ದಾರೆ. ಅದೂ ಎಷ್ಟು ನಿಜವೋ. ಆದರೆ ನಾನು ಜಗಳವಾಡುತ್ತಲೇ ಇದ್ದೆ. ಮೆಟ್ಟಿಲು ಕಟ್ಟಿದ ವರ್ಷ ಯಾವುದೆಂದು ಅಣ್ಣನಿಂದ ಒಪ್ಪಿಸಿಕೊಂಡರೆ ಅತ್ತೆ ಉಸಿರಾಡುತ್ತಾಳೆ ಎಂಬಂತೆ. ಓದಿದವರ ಮೂರ್ಖತನಕ್ಕೆ ವಾಕ್ಯರಚನೆ ಚೆನ್ನಾಗಿರುತ್ತದೆ, ಅಷ್ಟೇ ವ್ಯತ್ಯಾಸ.

ಇಎಂಟಿ ಸಿಲಿಂಡರಿನ ಮುಳ್ಳನ್ನು ನೋಡಿದಳು. ಈ ಚಿಕ್ಕದರಲ್ಲಿ ಇರುವುದು ಸ್ವಲ್ಪವೇ, ದೊಡ್ಡದು ಗಾಡಿಯಲ್ಲಿದೆ, ನಿಮ್ಮ ಅಪ್ಪನ ವಿಷಯ ಆಮೇಲೆ ಮಾತಾಡಿ ಎಂದಳು. ಅಣ್ಣ ಅಲುಗಲಿಲ್ಲ.

ಆಗ ಅತ್ತೆ ಕೈ ಎತ್ತಿದಳು. ಊದಿದ ಬೆರಳುಗಳಿಂದ ಮಾಸ್ಕನ್ನು ಸ್ವಲ್ಪ ಸರಿಸಿದಳು. ಒಂದೊಂದು ಮಾತಿಗೂ ನಡುವೆ ಉಸಿರು ಎಳೆದುಕೊಳ್ಳುತ್ತಾ ಹೇಳಿದಳು:

"ಸತ್ತೋರಿಗೆ... ಉಸಿರು ಕಟ್ಟಲ್ಲ ಕಣೋ. ನಂಗ್ ಕಟ್ತಾ ಇದೆ... ಕೂರ್ಸು."

ಇಎಂಟಿ ಮಾಸ್ಕನ್ನು ಮತ್ತೆ ಒತ್ತಿ, ಮಾತಾಡಬೇಡ ಅಜ್ಜಿ ಎಂದು ಗದರಿದಳು. ಅಣ್ಣ ಪಕ್ಕಕ್ಕೆ ಸರಿದ. ಮನಸ್ಸು ಬದಲಾಗಿ ಸರಿದನೋ, ಡ್ರೈವರ್ ಭುಜದಿಂದ ಒತ್ತಿದ್ದರಿಂದ ಸರಿದನೋ, ನಾನು ಪ್ರಮಾಣ ಮಾಡಲಾರೆ. ಅವರಿಬ್ಬರೂ ಅತ್ತೆಯ ಕಂಕುಳಿಗೂ ಮೊಣಕಾಲಿನಡಿಗೂ ಕೈ ಕೊಟ್ಟು ಒಂದೇ ಸಲಕ್ಕೆ ಎತ್ತಿ ಕುರ್ಚಿಗೆ ಕೂರಿಸಿದರು. ಬೆಲ್ಟು ಬಿಗಿದರು. ಸಿಲಿಂಡರನ್ನು ನನ್ನ ಕೈಗೆ ಕೊಟ್ಟು, ನಳಿಗೆ ಎಳೆಯದಂತೆ ಹಿಂದೆಯೇ ಬಾ ಎಂದರು.

ಅಷ್ಟರಲ್ಲಿ ಅತ್ತಿಗೆಗೆ ಒಂದು ಉಪಾಯ ಹೊಳೆಯಿತು. ಒದ್ದೆ ಬಟ್ಟೆ ತಂದು ಅತ್ತೆಯ ಹಣೆಯ ವಿಭೂತಿಯನ್ನು ಒರೆಸಿಬಿಟ್ಟಳು. ಕುರ್ಚಿ ತಪ್ಪಿಸಲಾಗದಿದ್ದರೆ ವಿಭೂತಿಯನ್ನಾದರೂ ತಪ್ಪಿಸಿ, ಅತ್ತೆ ಹೆಣದ ಹಾಗೆ ಕಾಣದಂತೆ ಮಾಡುವುದು ಅವಳ ಲೆಕ್ಕ. ನನಗೆ ಬುದ್ಧಿ ಬಂದಾಗಿನಿಂದ ಆ ಹಣೆಯನ್ನು ಬರಿದಾಗಿ ನೋಡಿರಲಿಲ್ಲ. ಅಲ್ಲಿ ಚರ್ಮ ಬೇರೆ ಬಣ್ಣಕ್ಕಿತ್ತು. ಮಾಸ್ಕಿನ ಮೇಲಿನಿಂದ ಅತ್ತೆ ಅತ್ತಿಗೆಯನ್ನು ನೋಡಿದ ನೋಟವನ್ನು ನಾನು ಬರೆಯಲಾರೆ. ಸಾಯುವ ಭಯ ಆ ಕಣ್ಣಿನಲ್ಲಿ ಇರಲೇ ಇಲ್ಲ. ಬದುಕಿ ಬಂದು ನಿನ್ನನ್ನು ವಿಚಾರಿಸಿಕೊಳ್ಳುತ್ತೇನೆ ಎಂಬುದಿತ್ತು. ಅವಳು ಬದುಕಿ ಬಂದದ್ದರಲ್ಲಿ ಆ ಒದ್ದೆ ಬಟ್ಟೆಯ ಪಾಲೂ ಇದೆ ಎಂದು ನನ್ನ ಗುಮಾನಿ.

ಇಳಿಯುವಾಗ ಡ್ರೈವರ್ ಮುಂದೆ, ಅತ್ತೆಯ ಕಡೆ ಮುಖ ಮಾಡಿ, ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವುತ್ತಾ ಹಿಂದೆ ಹಿಂದೆ ಇಳಿಯುತ್ತಿದ್ದ. ಮೇಲಿನ ಹಿಡಿಕೆಗಳನ್ನು ಹಿಡಿದು ಇಎಂಟಿ. ಅವಳ ಹಿಂದೆ ಸಿಲಿಂಡರ್ ಎದೆಗವಚಿಕೊಂಡ ನಾನು. ಎಲ್ಲರಿಗಿಂತ ಮುಂದೆ ಅಣ್ಣ. ಅವನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಆದರೂ ಮುಂದೆ ಮುಂದೆ ಇಳಿಯುತ್ತಾ, ಪ್ರತಿ ತಿರುವಿನಲ್ಲೂ ಶೂಗಳನ್ನು ಕಾಲಿನಿಂದ ಸರಿಸುತ್ತಾ, ಬಾಗಿಲು ತೆರೆದು ಇಣುಕಿದವರಿಗೆಲ್ಲ ಸಾರುತ್ತಿದ್ದ:

"ಜೀವ ಇದೆ, ಜೀವ ಇದೆ. ಏನೂ ಆಗಿಲ್ಲ. ಜೀವ ಇದೆ."

ನಮ್ಮವರ ಮೆರವಣಿಗೆಯಲ್ಲಿ ಹೆಣದ ಮುಂದೆ ಒಬ್ಬರು ದಾರಿ ಬಿಡಿಸುತ್ತಾ ಹೋಗುತ್ತಾರೆ. ಅಣ್ಣ ಅದನ್ನೇ ಮಾಡುತ್ತಿದ್ದ, ಮಾತು ಮಾತ್ರ ಬೇರೆ. ಮಧ್ಯದ ಮಹಡಿಯ ಹುಡುಗರು ಹಲ್ಲುಜ್ಜುತ್ತಿದ್ದವರು ಬಾಯಿಯ ನೊರೆಯೊಂದಿಗೇ ಗೋಡೆಗೆ ಅಂಟಿ ನಿಂತರು. "ಮಗಾ, ಶೂ ತೆಗಿಯೋ," ಎಂದು ಒಬ್ಬ ಇನ್ನೊಬ್ಬನಿಗೆ ತಿವಿದ. ಅತ್ತಿಗೆ ಮೇಲಿನಿಂದಲೇ ಅಳುತ್ತಿದ್ದಳು. ಗೇಟಿನ ಹತ್ತಿರ, ಎದುರು ಮನೆಯ ಮುದುಕರು ಹಾಲು ತಂದುಕೊಂಡು ಬರುತ್ತಿದ್ದವರು ನಿಂತರು. ನಮ್ಮ ಕಡೆಯವರೇ. ಕೂತು ಬರುತ್ತಿರುವ ಅತ್ತೆಯನ್ನು ನೋಡಿದರು, ಎದೆಯ ಪಟ್ಟಿ ನೋಡಿದರು, ಹಾಲಿನ ಪ್ಯಾಕೆಟ್ಟನ್ನು ಕಾಂಪೌಂಡಿನ ಮೇಲಿಟ್ಟು, ಚಪ್ಪಲಿ ಬಿಟ್ಟು, ಕೈ ಮುಗಿದರು. "ಜೀವ ಇದೆ ಸ್ವಾಮಿ," ಎಂದು ಅಣ್ಣ ಕಿರುಚಿದ. ಅವರಿಗೆ ಕಿವಿ ಮಂದ. ಇನ್ನಷ್ಟು ಭಕ್ತಿಯಿಂದ ಕೈ ಮುಗಿದೇ ನಿಂತರು. ಆಗ ಅತ್ತೆ, ಬೆಲ್ಟಿನೊಳಗಿನಿಂದ ಒಂದು ಕೈ ಬಿಡಿಸಿಕೊಂಡು, ಹೋಗು ಹೋಗು ಎಂಬಂತೆ ಅವರತ್ತ ಆಡಿಸಿದಳು. ಮುದುಕರು ಹೆದರಿ ಹಿಂದೆ ಹೆಜ್ಜೆ ಇಟ್ಟು ತಮ್ಮ ಹಾಲನ್ನೇ ಬೀಳಿಸಿಕೊಂಡರು.

ಗಾಡಿಯಲ್ಲಿ ಅತ್ತೆಯನ್ನು ಸ್ಟ್ರೆಚರಿಗೆ ಬದಲಾಯಿಸಿ, ಅದರ ತಲೆಯ ಭಾಗವನ್ನು ನೆಟ್ಟಗೆ ಎತ್ತಿ ಅಲ್ಲಿಯೂ ಕೂರಿಸಿದರು. ಅಣ್ಣ ಮುಂದಿನ ಸೀಟಿನಲ್ಲಿ ಕೂತು, ದಿನವಿಡೀ ಅದೇ ರಸ್ತೆಗಳಲ್ಲಿ ಓಡಾಡುವ ಡ್ರೈವರಿಗೆ ದಾರಿ ಹೇಳತೊಡಗಿದ. ಹಿಂದೆ ನಾವು ಮೂವರು. ದೊಡ್ಡ ಸಿಲಿಂಡರಿಗೆ ನಳಿಗೆ ಬದಲಾಯಿಸಿದ ಮೇಲೆ ಅತ್ತೆಯ ತುಟಿಯ ಬಣ್ಣ ಸ್ವಲ್ಪ ತಿರುಗಿತು. ಗೋಡೆಯ ಮೇಲೆ ಕಫ ಎಳೆಯುವ ಯಂತ್ರ, ಕೊಕ್ಕೆಯಲ್ಲಿ ತೂಗುವ ಗ್ಲೂಕೋಸ್ ಬಾಟಲಿ, ಪಾರ್ಕಿನಲ್ಲಿ ಉಪ್ಪಿಟ್ಟಿಗೆ ಮೊದಲು ತೋರಿಸಿದ್ದ ಆ ಬಲೂನಿನ ಚೀಲ. ಆ ಚೀಲವನ್ನು ಇಎಂಟಿ ತೊಡೆಯ ಮೇಲೆ ಸಿದ್ಧವಾಗಿ ಇಟ್ಟುಕೊಂಡಿದ್ದಳು. ಅದು ಬೇಕಾದರೆ ಏನರ್ಥ ಎಂದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ನೋಡುತ್ತಿದ್ದೆ. ಅದು ಬೇಕಾಗಲಿಲ್ಲ. ಹೊರಗೆ ಸೈರನ್ನಿಗೆ ಒಬ್ಬರೂ ದಾರಿ ಬಿಡುತ್ತಿರಲಿಲ್ಲ. ಬಿಟ್ಟವರು, ಬಿಟ್ಟ ಜಾಗದಲ್ಲಿ ನಮ್ಮ ಹಿಂದೆಯೇ ಸ್ಕೂಟರ್ ನುಗ್ಗಿಸಿ ಬೇಗ ಆಫೀಸು ಸೇರಿಕೊಂಡರು.

ಆಸ್ಪತ್ರೆಯ ಬಾಗಿಲಲ್ಲಿ ಅತ್ತೆಯನ್ನು ಒಪ್ಪಿಸಿದ ಮೇಲೆ ಇಎಂಟಿ ಕುರ್ಚಿಯ ಬೆಲ್ಟುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು. ನಾನು ಏನೋ ಕೃತಜ್ಞತೆಯ ಮಾತು ಹೇಳಲು ಹೋದೆ. ನನ್ನ ವಾಕ್ಯ ಮುಗಿಯುವ ಮೊದಲೇ ಅವಳು ಹೇಳಿದಳು: "ಮೊದಲು ಆ ಮೆಟ್ಲು ಒಡೆಸಿ ಮೇಡಂ. ಮುಂದಿನ ಸಲ ನಾನ್ ಬರಲ್ಲ." ತಮಾಷೆಗೆ ಹೇಳಿದ್ದಲ್ಲ. ಮತ್ತೆ ಚ್ಯೂಯಿಂಗ್ ಗಮ್ಮೋ ಏನೋ ಬಾಯಿಗೆ ಹಾಕಿಕೊಂಡು ಹೊರಟುಹೋದಳು.

ಅತ್ತೆ ಉಳಿದಳು. ಔಷಧಿ ಏರಿಸಿ ನೀರು ಇಳಿಸಿದರು. ಪಾದಗಳು ಸಣ್ಣಗಾದವು, ನಾಲಿಗೆ ಹಳೆಯ ಉದ್ದಕ್ಕೆ ಬಂತು. ಕಣ್ಣು ಬಿಟ್ಟು ಅವಳು ಮೊದಲು ಕೇಳಿದ್ದು ವಿಭೂತಿ. ನಾನು ಮನೆಯಿಂದ ತಂದುಕೊಟ್ಟೆ. ಅತ್ತಿಗೆ ನೋಡಲು ಬಂದಾಗ ಅವಳೆದುರಿಗೇ ಎರಡು ಪಟ್ಟು ದಪ್ಪಗೆ ಹಚ್ಚಿಕೊಂಡಳು.

ಮನೆಗೆ ಬಂದ ದಿನ ಹೊಸ ಸಮಸ್ಯೆ. ಇಳಿಸಲು ಆಂಬುಲೆನ್ಸ್ ಬರುತ್ತದೆ, ಹತ್ತಿಸಲು ಯಾರು ಬರುತ್ತಾರೆ? ಮೇಲಿನ ಮಹಡಿ ಅವಳ ಪಾಲಿಗೆ ಮುಗಿದಿತ್ತು. ಅಣ್ಣ ಎರಡು ದಿನ ಮುಖ ಗಂಟಿಕ್ಕಿಕೊಂಡು ಓಡಾಡಿ, ಕೊನೆಗೆ ನೆಲಮಹಡಿಯ ಸಿಂಗಲ್ ರೂಮಿನ ಹುಡುಗನನ್ನು ಬಿಡಿಸಿದ. ಮೆಟ್ಟಿಲನ್ನು ತಿಂದು ಹುಟ್ಟಿದ ರೂಮು ಅದು. ಅತ್ತೆಯ ಮಂಚ ಇಟ್ಟರೆ ಉಳಿಯುವುದು ಒಂದು ಸ್ಟೂಲಿನ ಜಾಗ. ಮೆಟ್ಟಿಲು ಹತ್ತಿ ಇಳಿಯುವವರೆಲ್ಲ ಅವಳ ಕಿಟಕಿಯ ಮುಂದೆಯೇ ಹೋಗಬೇಕು, ಅವಳು ಒಬ್ಬೊಬ್ಬರನ್ನೂ ಬೈದು ಕಳಿಸುತ್ತಾಳೆ. ಅವಳಿಗೆ ಅದು ಅರಮನೆ.

ಈ ನಡುವೆ ಪಾರ್ಕಿನಲ್ಲಿ ಕತೆ ಬೆಳೆದಿದೆ. ಅಣ್ಣ ಬೆಂಚಿನ ಮೇಲೆ ಕೂತು ಹೇಳುವುದನ್ನು ನಾನೇ ಕೇಳಿದ್ದೇನೆ. ಆಂಬುಲೆನ್ಸಿನವರು ಸ್ಟ್ರೆಚರ್ ಸ್ಟ್ರೆಚರ್ ಎಂದು ಹಟ ಮಾಡುತ್ತಿದ್ದರಂತೆ. ಪಾರ್ಕಿನ ಕಾರ್ಯಕ್ರಮದಲ್ಲಿ ಕುರ್ಚಿಯಲ್ಲಿ ಕೂತು ಅನುಭವ ಇದ್ದದ್ದರಿಂದ ತಾನೇ ಗದರಿಸಿ, ಕೂರಿಸಿ ಇಳಿಸಿ ಎಂದನಂತೆ. ನಿವೃತ್ತ ಇಂಜಿನಿಯರು ತಲೆಯಾಡಿಸುತ್ತಿದ್ದರು. ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನ್ನಿಸಲಿಲ್ಲ. ಅದೇ ಅಸಹ್ಯ. ಅವನಿಗೆ ಅದು ಹಾಗೆಯೇ ನೆನಪಿದೆ.

ಸರಿ, ನನ್ನದಾದರೂ ಪಕ್ಕಾ ಮಾಡಿಕೊಳ್ಳೋಣ ಎಂದು ಒಂದು ಸಂಜೆ 'ಸತ್ತೋರಿಗೆ ಉಸಿರು ಕಟ್ಟಲ್ಲ' ಎಂಬ ಮಾತಿನ ಬಗ್ಗೆ ಅತ್ತೆಯನ್ನೇ ಕೇಳಿದೆ. ನಾನು ಅದನ್ನು ಎಷ್ಟೋ ಜನರಿಗೆ ಹೇಳಿದ್ದೆ, ಹೇಳಿ ಹೇಳಿ ಮೆರೆದಿದ್ದೆ. ಆ ದಿನದ ಡೈರಿಯಲ್ಲಿ ಇರುವುದು 'ಅತ್ತೆಗೆ ಹುಷಾರಿಲ್ಲ, ಆಸ್ಪತ್ರೆ' ಎಂದು ಮಾತ್ರ. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಅಣ್ಣನೂ ಅಲ್ಲೇ, ಬಾಗಿಲಿಗೆ ಒರಗಿ ಮೊಬೈಲ್ ನೋಡುತ್ತಿದ್ದ.

"ನಾನಾ?" ಎಂದಳು. "ಉಸಿರೇ ಇಲ್ದೋಳು ಎಲ್ಲಿಂದ ಮಾತಾಡ್ಲೇ? ಬರೀ ಕೈ ಸನ್ನೆ ಮಾಡ್ದೆ. ಕೂರ್ಸಿ ಸಾಯ್ಲಿ ಅಂತ."

ಹಾಗಾದರೆ ಆ ಮಾತು ಯಾರದು? ನನ್ನದೇ ಇರಬೇಕು. ಅಥವಾ ಅವಳದೇ, ಮರೆತಿದ್ದಾಳೆ. ಯಾವುದಾದರೂ ಈಗ ವ್ಯತ್ಯಾಸವಿಲ್ಲ. ಅಪ್ಪನನ್ನು ಮೆಟ್ಟಿಲಿನಲ್ಲಿ ಇಳಿಸಿದ ಅಣ್ಣನಿಗಿಂತ, ಮದುವೆಗೆ ಮೊದಲೇ ಅದನ್ನು ನೋಡಿದ ಅತ್ತಿಗೆಗಿಂತ ನಾನು ಮೇಲೆ ಎಂದುಕೊಂಡಿದ್ದೆ. ನಾನೂ ಅದೇ ಮೆಟ್ಟಿಲಿನ ಹೆಣ್ಣು.

ಅತ್ತೆ ಎಲೆಯನ್ನು ಮಡಿಸಿ ದವಡೆಗೆ ಇಟ್ಟುಕೊಂಡು, ಅಣ್ಣನಿಗೆ ಕೇಳುವಷ್ಟು ಜೋರಾಗಿ ನನಗೆ ಹೇಳಿದಳು:

"ಒಂದ್ ಮಾತ್ ಹೇಳ್ತೀನಿ, ನೆನಪಿಟ್ಕೋ ಕಣೇ. ನಾನ್ ನಿಜವಾಗ್ಲೂ ಹೋದಾಗ ಬಟ್ಟೆ ಪಟ್ಟಿ ಗಿಟ್ಟಿ ಬೇಡ. ಆ ಹುಡುಗಿ ಕುರ್ಚಿನೇ ತರ್ಸು. ಬೆಲ್ಟು ಗಟ್ಟಿ ಇದೆ. ನಿಮ್ಮಪ್ಪನ ತಲೆ ಅಂಗಳದಲ್ಲಿ ಎಷ್ಟು ವಾಲಾಡ್ತಿತ್ತು ಅಂತೀಯ. ನಾನೇ ಹಿಡ್ಕೊಂಡು ಹಿಡ್ಕೊಂಡು ಕೈ ಬಿದ್ದೋಗಿತ್ತು."

ಅಣ್ಣ ಮೊಬೈಲನ್ನು ಜೇಬಿಗಿಟ್ಟ. ಇಕ್ಕಟ್ಟಾದ ಆ ಮೆಟ್ಟಿಲನ್ನು ಧಡಧಡನೆ ಹತ್ತಿ ಹೋದ. ಸ್ವಲ್ಪ ಹೊತ್ತಿಗೆ ಮೇಲಿನ ಬಚ್ಚಲಿನಿಂದ ತಲೆಯ ಮೇಲೆ ನೀರು ಸುರಿದುಕೊಳ್ಳುವ ಸದ್ದು ಬಂತು.